ಬಿಸಿಲಿಗೆ ಒಡ್ಡಿದ ನೀರು

"ನನ್ನ ಗಾಜಿನ ತಟ್ಟೆಗಳ ಮೇಲೆ ಕಪ್ಪು ಬಟ್ಟೆ ಹೊದಿಸಿದ್ದು ಯಾರು?"

ವಡೋದರಾದ ಪ್ರಯೋಗಾಲಯದ ತಾರಸಿ ಹತ್ತಿದ ವಿಂಧ್ಯಾ ಕೂಗಿಯೇಬಿಟ್ಟಳು. ನೆರಳಿನಲ್ಲಿ ಕೂತಿದ್ದ ಲಿಂಗರಾಜ ಗಡಬಡಿಸಿ ಎದ್ದ.

"ನಾನ್ರೀ ಮೇಡಂ. ಬಿಸಿಲಿಗೆ ಬಣ್ಣ ಹಾರಿ ಹೋದೀತು ಅಂತ..."

"ಬಣ್ಣ ಹಾರಲಿ ಅಂತಲೇ ಅಲ್ವೇನ್ರೀ ಬಿಸಿಲಲ್ಲಿ ಇಟ್ಟಿರೋದು!"

ಅವನು ನಾಲಿಗೆ ಕಚ್ಚಿಕೊಂಡ. ಸೂರತ್‌ನ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಸೀರೆಯ ಬಣ್ಣವನ್ನು ಬಿಸಿಲಿನಿಂದ ಕಾಪಾಡಿದ ಕೈ ಅದು. ತಟ್ಟೆಯಲ್ಲಿದ್ದ ಹೊಲಸು ನೀರಿಗೂ ಬಟ್ಟೆ ಹೊದಿಸಿಬಿಟ್ಟಿತ್ತು. ಸಿಟ್ಟಿನ ನಡುವೆಯೇ ವಿಂಧ್ಯಾಳಿಗೆ ನಗು ಬಂತು. ಅವನು ಓರೆಗಣ್ಣಿನಲ್ಲಿ ನೋಡಿಯೂ ನೋಡದವನಂತೆ ಬಟ್ಟೆ ಮಡಚತೊಡಗಿದ.

ಪ್ರತಿ ಶನಿವಾರ ಕಾರ್ಖಾನೆಯ ಕೆಂಪು ನೀರನ್ನು ರೈಲಿನಲ್ಲಿ ತರುವವನು ಅವನೇ. ತಾರಸಿ ಹತ್ತಿ ಪ್ರಯೋಗ ನೋಡುತ್ತಿರುವುದು ಮಾತ್ರ ಇವತ್ತೇ ಮೊದಲು. ಈ ಸಲ ನೀರು ತಿಳಿಯಾದರೆ ಮಾಲೀಕರು ಸೂರತ್‌ನಲ್ಲೇ ಇದೇ ಬಗೆಯ ದೊಡ್ಡ ತೊಟ್ಟಿ ಕಟ್ಟಿಸುತ್ತಾರೆ. ಆಮೇಲೆ ಅವನು ಬರಬೇಕಾಗಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಆ ಮಾತು ಎತ್ತಿರಲಿಲ್ಲ.

"ನಿಮ್ಮ ನ್ಯಾನೋ ಪುಡಿ ಎಲ್ಲೈತ್ರೀ? ನನಗಂತೂ ಕಾಣವಲ್ದು."

"ಗಾಜಿಗೆ ಅಂಟಿಕೊಂಡಿದೆ. ಒಂದೊಂದು ಕಣವೂ ಕೂದಲಿಗಿಂತ ಸಾವಿರಾರು ಪಾಲು ಸಣ್ಣದು. ಬಿಸಿಲು ಬಿದ್ದರೆ ಬಣ್ಣವನ್ನ ಒಡೆದು ಹಾಕುತ್ತೆ."

"ಅಷ್ಟು ಸಣ್ಣದಕ್ಕ ಇಷ್ಟು ಸಿಟ್ಟಾ? ನಿಮ್ಮ ಹಂಗ ಆತು ಬಿಡ್ರಿ."

"ನಾನು ಸಣ್ಣವಳಾ?"

"ಸಿಟ್ಟಿನ ಮಾತಷ್ಟ ಹೇಳಿದೆ!"

ನೋಡುತ್ತ ಕೂತರೆ ತಟ್ಟೆಯ ನೀರಿಗೆ ಏನೂ ಆಗದಂತಿತ್ತು. ಮಾತಿಗೆ ಮುಖ ತಿರುಗಿಸಿ ಮತ್ತೆ ಬಾಗಿದರೆ ಕೆಂಪು ಹೋಗಿ ಗುಲಾಬಿ ಬಣ್ಣವಾಗಿತ್ತು. ಇನ್ನೊಮ್ಮೆ ಬಾಗಿದಾಗ, ಬಣ್ಣ ಇದೆಯೋ ಇಲ್ಲವೋ ಎನ್ನುವಷ್ಟು. ಹೊತ್ತು ಇಳಿಯುವಾಗ ತಟ್ಟೆಯಲ್ಲಿ ಆಕಾಶವಿತ್ತು, ಬಾಗಿದ ಎರಡು ಮುಖಗಳಿದ್ದವು.

ಲಿಂಗರಾಜ ಗುಡಿಯ ಮುಂದೆ ಬಂದವನಂತೆ ಮೆಲ್ಲಗೆ ಚಪ್ಪಲಿ ಬಿಟ್ಟ.

"ಇಷ್ಟು ವರ್ಷ ಆತು. ನಮ್ಮ ಕಾರ್ಖಾನಿ ಕಾಲುವ್ಯಾಗ ನೀರಿನ ತಳ ಕಂಡಿದ್ದಿಲ್ರಿ."

ಈವರೆಗೆ ವಿಂಧ್ಯಾ ಕಂಡಿದ್ದು ಗ್ರಾಫಿನ ಗೆರೆ ಇಳಿಯುವುದನ್ನಷ್ಟೇ. ನೀರು ತಿಳಿಯಾಗುವುದೆಂದರೇನೆಂದು ಈಗ ಅವನ ಕಣ್ಣಿನಲ್ಲಿ ಕಂಡಳು.

"ಹಂಗಾರ... ಇಲ್ಲಿ ನನ್ನ ಕೆಲಸ ಮುಗೀತು," ಎಂದ ಅವನು.

"ಮುಂದಿನ ಶನಿವಾರವೂ ಬನ್ನಿ."

"ಕೆಲಸಾನ ಇಲ್ಲಲ್ರೀ ಮೇಡಂ."

"ಕೆಲಸ ಇಲ್ಲ. ನೀವು ಬಾರದಿದ್ದರೆ ನನಗೆ ಆ ದಿನ ಕಳೆಯೋದಿಲ್ಲ."

ಅಷ್ಟು ಹೇಳಿ ಅವಳು ತಲೆ ಎತ್ತಲಿಲ್ಲ. ನೀರಿನಲ್ಲಿ ಅವನ ಮುಖ ಕಾಣುತ್ತಿತ್ತು; ನಗಲು ಹೋಗಿ, ನಗಲಾಗದೆ, ಕಣ್ಣು ತುಂಬಿಕೊಂಡ ಮುಖ.

"ಬರ್ತೀನಿ, ವಿಂಧ್ಯಾ," ಎಂದಿತು ಅದು.