ಜಿ, ಎಚ್, ಟಿ

"ಲವ್ ಅಟ್ ಫಸ್ಟ್ ಸೈಟ್," ಎಂದ ಬ್ರೂಮೆ, ಎದುರಿಗೆ ಕೂತಿದ್ದ ಒರೆವಾಳ ಮುಖದಿಂದ ಕಣ್ಣು ಕೀಳದೆ.

ವಾರಿ ಊರಿನ ಪದಕೂಟದಲ್ಲಿ ಆಟಕ್ಕೆ ಸೇರಿದ್ದವರೆಲ್ಲ ಗೊಳ್ಳೆಂದು ನಕ್ಕರು. ಜಿ, ಎಚ್, ಟಿ ಅಕ್ಷರಗಳು ಸಾಲಾಗಿ ಬರುವ ಉದ್ದನೆಯ ಇಂಗ್ಲಿಷ್ ಪದವನ್ನೋ ಪದಗುಚ್ಛವನ್ನೋ ಸರದಿಯಂತೆ ಹೇಳಬೇಕು, ತಡವರಿಸಿದವರು ಸೋತಂತೆ. ಕೊನೆಗೆ ಉಳಿದದ್ದು ಇವರಿಬ್ಬರೇ. ಗೆದ್ದವರು ಅಸಾಬಾ ನಗರದ ದೊಡ್ಡ ಪಂದ್ಯಕ್ಕೆ ಹೋಗುವವರು.

"ಸಪೆಲೆಯಿಂದ ಬಂದು ವಾರ ಆಗಿಲ್ಲ, ಆಗ್ಲೇ ನಮ್ಮ ಟೀಚರಮ್ಮನಿಗೆ ಬಲೆ ಬೀಸ್ತಿದಾನೆ ನೋಡ್ರಪ್ಪ," ಎಂದರು ತೀರ್ಪುಗಾರ ಡಾಫೆ ಅಂಕಲ್. "ಇರಲಿ, ಉತ್ತರ ಸರಿ ಇದೆ. ಒರೆವಾ, ನಿನ್ನ ಸರದಿ."

ಒರೆವಾಳ ಕಿವಿ ಬಿಸಿಯಾಯಿತು. ನಾಲಿಗೆಯ ತುದಿಯಲ್ಲಿದ್ದ ಪದಗಳೆಲ್ಲ ಎಲ್ಲಿ ಹೋದವು...? ಸೋತರೆ ಶಾಲೆಯ ಮಕ್ಕಳಿಗೆ ಯಾವ ಮುಖ ತೋರಿಸಲಿ?

ಕೈ ಮೇಜಿನ ಕೆಳಗೆ ಫೋನಿನತ್ತ ಹೋಯಿತು.

"ಥಾಟ್‌ಲೆಸ್‌ನೆಸ್," ಎಂದಳು.

ಅಷ್ಟರಲ್ಲಿ ಫೋನು ಜಾರಿ ಇಬ್ಬರ ಕಾಲುಗಳ ನಡುವೆ ಬಿತ್ತು. ಪರದೆಯ ತುಂಬ ಅವೇ ಅಕ್ಷರಗಳ ಪದಗಳು.

ಅಂಕಲ್ ಅದನ್ನು ಎತ್ತಿಕೊಂಡರು. "ಯಾರದಿದು?"



"ನನ್ನದು," ಎಂದ ಬ್ರೂಮೆ.

"ಕಳ್ಳ!" ಎಂದರು ಯಾರೋ. ಬ್ರೂಮೆ ಅಂಕಲ್ ಕೈಯಿಂದ ಫೋನು ತೆಗೆದುಕೊಂಡು ಜೇಬಿಗಿಳಿಸಿ, ತಲೆ ತಗ್ಗಿಸಿ ಹೊರನಡೆದ. ಒರೆವಾ ಬಾಯಿ ಬಿಡಲಿಲ್ಲ.

ಸೋಮವಾರ ಅವನು ಶಾಲೆಯ ಗೇಟಿಗೆ ಬಂದು ಫೋನು ಕೊಟ್ಟ.

"ಇದಕ್ಕೆ ಬದಲಾಗಿ ನನ್ನಿಂದ ಏನು ಬೇಕು ನಿಮಗೆ?" ಅವಳ ನಾಚಿಕೆ ಸಿಟ್ಟಾಗಿ ಹೊರಬಿತ್ತು. "ಜೀವನಪೂರ್ತಿ ನಿಮ್ಮ ಹಂಗಿನಲ್ಲಿ ಇರ್ಲಿ ಅಂತಾನಾ?"

ಬ್ರೂಮೆಯ ಮುಖ ಸಪ್ಪಗಾಯಿತು. "ನನ್ನ ತಮಾಷೆಯಿಂದಲೇ ನೀವು ಗಲಿಬಿಲಿಗೊಂಡ್ರಿ ಅನ್ನಿಸ್ತು. ಅದಕ್ಕೆ ಫೋನು ನನ್ನದು ಅಂದೆ. ಬರ್ತೀನಿ."

ಒಳಗೆ ಪ್ರಾರ್ಥನೆಯ ಸಾಲಿನಲ್ಲಿ ಮಕ್ಕಳು ತಮ್ಮ ಟೀಚರ್ ಗೆದ್ದರೆಂದು ಚಪ್ಪಾಳೆ ತಟ್ಟುತ್ತಿದ್ದರು. ಒಂದೊಂದು ಚಪ್ಪಾಳೆಯೂ ಕೆನ್ನೆಗೆ ಬಿದ್ದಂತಾಯಿತು.

ಬ್ರೂಮೆ ಕೆಲಸಕ್ಕಿದ್ದದ್ದು ಮಾರುಕಟ್ಟೆಯ ಔಷಧಿ ಅಂಗಡಿಯಲ್ಲಿ. ಆ ವಾರ ತಲೆನೋವಿನ ಮಾತ್ರೆಗೆಂದು ಹೋದ ಒರೆವಾ ಬಾಗಿಲಲ್ಲೇ ನಿಂತುಬಿಟ್ಟಳು. "ಸರಿಯಾಗಿ ಎಣಿಸ್ಕೊಳ್ಳೇ, ಇವನು ಕೈಚಳಕದವನು," ಎಂದು ಒಬ್ಬ ಹೆಂಗಸು ಮಗಳಿಗೆ ಹೇಳುತ್ತಿದ್ದಳು. ಬ್ರೂಮೆ ಮಾತ್ರೆಗಳನ್ನು ಸುಮ್ಮನೆ ಮತ್ತೊಮ್ಮೆ ಎಣಿಸಿಕೊಟ್ಟ.

ನಾನು ಎಂಥ ಹೆಣ್ಣು...

ಶನಿವಾರ ಪದಕೂಟದಲ್ಲಿ ಎದ್ದುನಿಂತಳು. "ಆ ಫೋನು ನನ್ನದು. ಮೋಸ ಮಾಡಿದ್ದು ನಾನು."



"ವಾರವೆಲ್ಲ ಅವನನ್ನ ಕಳ್ಳ ಅಂದ್ವಲ್ಲ ತಾಯಿ, ನಿನ್ನ ಬಾಯಿಗೆ ಏನಾಗಿತ್ತು?" ಎಂದು ಅಂಕಲ್ ಕೇಳಿದರು.

"ಹೆದರಿದೆ ಅಂಕಲ್. ಅಸಾಬಾಕ್ಕೆ ಅವರನ್ನೇ ಕಳಿಸಿ. ಮಕ್ಕಳಿಗೂ ನಾನೇ ಹೇಳ್ತೀನಿ."

ಅಲ್ಲಿಂದ ನೇರ ಅಂಗಡಿಗೆ ಹೋದಳು. ಬ್ರೂಮೆ ಬಾಗಿಲು ಹಾಕುತ್ತಿದ್ದ.

"ಎಲ್ಲರ ಮುಂದೆ ಹೇಳಿಬಂದೆ. ಆವತ್ತು ಗೇಟಲ್ಲಿ ನಾನಾಡಿದ ಮಾತು ಮರೆತುಬಿಡಿ. ನೀವಂದ್ರೆ ನನಗೆ ಇಷ್ಟ... ಆದ್ರೆ ನಿಮ್ಮ ಮುಖ ನೋಡೋಕೆ ನಾಚಿಕೆ ಆಗ್ತಿದೆ."

ಬ್ರೂಮೆ ಬೀಗ ಜಗ್ಗಿ ನೋಡಿ, ಕೀಲಿ ಜೇಬಿಗೆ ಹಾಕಿಕೊಂಡ.

"ಹಾಗಾದ್ರೆ ನೋಡಬೇಡ. ಪಕ್ಕದಲ್ಲಿ ನಡಿ, ಸಾಕು."

"ಎಲ್ಲೀವರೆಗೆ?"

"ನಾಚಿಕೆ ಹೋಗೋವರೆಗೆ."

"ಬೇಗ ಹೋಗಲ್ಲ ಅದು."

"ನನಗೇನು ಅವಸರ ಇಲ್ಲ," ಎಂದ ಬ್ರೂಮೆ.