ಎಡಗೈಯ ಬಳ್ಳಿ

"ಅದಕ್ಕ ಕೈ ಹಚ್ಚಬ್ಯಾಡ್ರಿ!"

ಉಚ್ಚೆಂಗಮ್ಮನ ದನಿಗೆ, ಒಳಗೆ ಬಂದವನ ಕೈ ಗಾಳಿಯಲ್ಲೇ ನಿಂತುಬಿಟ್ಟಿತು. ಅವನ ಮುಂದೆ ಗೋಣಿತಟ್ಟಿನ ಮೇಲೆ ಅವಳ ಅಪ್ಪನ ಅಚ್ಚುಗಳಿದ್ದವು. ಎಲೆ, ಮೊಗ್ಗು, ಹೂವು... ತೊಗಲಿನ ಮೇಲೆ ಚಿತ್ತಾರ ಒತ್ತುವ ಕಬ್ಬಿಣದ ಅಚ್ಚುಗಳು.

"ನೋಡಿದ್ರ ಸವೀತಾವೇನ್ರಿ?" ಅವನು ನಕ್ಕ. "ನಾ ಗಾದಿಲಿಂಗಪ್ಪ. ಸಂಡೂರಾಗ ಕುದುರಿ ಜೀನು ಮಾಡ್ತೀನಿ. ಹುಲುಗಪ್ಪ ಕಾಕಾಗ ಲಕ್ವಾ ಹೊಡದೈತಂತ ಕೇಳಿದೆ. ಅಚ್ಚು ಮಾರೂದಿದ್ರ..."

"ನಮ್ಮಪ್ಪ ಇನ್ನಾ ಅದಾನ್ರಿ! ಮತ್ತ... ನಾನೂ ಅದೀನಿ!"

ಆ ಕೊನೆಯ ಮಾತಿಗೆ ಅವಳೇ ಬೆಚ್ಚಿದಳು. 'ನಾನೂ ಅದೀನಿ' ಅಂತ ಯಾರಿಗಾದರೂ ಹೇಳಿ ಎಷ್ಟು ವರ್ಷವಾಗಿತ್ತು?

ಆಗಿನ್ನೂ ತುಂಗಭದ್ರೆಗೆ ಡ್ಯಾಂ ಕಟ್ಟಿರಲಿಲ್ಲ. ಅವರಿದ್ದ ಹೊಸಪೇಟೆ ಮದ್ರಾಸ್ ಸರ್ಕಾರದ ಕೈಯಲ್ಲಿತ್ತು. ಮದುವೆಯಾಗಿ ಎರಡೇ ವರ್ಷಕ್ಕೆ ಅವಳ ಗಂಡನನ್ನು ಕಾಲರಾ ಒಯ್ದಿತ್ತು. ಹದಿನಾರಕ್ಕೆ ತವರಿಗೆ ಮರಳಿದವಳಿಗೆ ಈಗ ಇಪ್ಪತ್ಮೂರು. ಅಪ್ಪ ಹುಲುಗಪ್ಪನ ಬಲಭಾಗ ಬಿದ್ದು, ಮಾತೂ ನಿಂತು ನಾಲ್ಕು ತಿಂಗಳು. ಇಬ್ಬರಿದ್ದ ಮನೆಯಲ್ಲಿ ಮಾತಾಡುವವಳು ಅವಳೊಬ್ಬಳೇ. ಒಬ್ಬಳೇ ಎಷ್ಟಂತ ಮಾತಾಡಿಯಾಳು!

ತೊಗಲು ನೆನೆಸುವುದು, ಬಣ್ಣ ಹಾಕುವುದು, ಹೊಲಿಯುವುದು ಅವಳಿಗೆ ಗೊತ್ತಿತ್ತು. ಅಚ್ಚು ಹೊಡೆಯುವುದು ಗಂಡಸರ ಕೆಲಸ. ಆದರೆ ಅಂಗಡಿ ನಡೆಯಬೇಕಲ್ಲ? ಎಂಟು ದಿನದಿಂದ ಚೂರು ತೊಗಲಿನ ಮೇಲೆ ಬಡಿಯುತ್ತಲೇ ಇದ್ದಳು. ಬೆಳಗ್ಗೆ ಒತ್ತಿದ ಎಲೆ ಸಂಜೆಗೆ ಮಾಯ!

ಗಾದಿಲಿಂಗಪ್ಪ ಅಂಥದೊಂದು ಚೂರು ಎತ್ತಿಕೊಂಡ.

"ಇದು ಹೊಟ್ಟಿ ತುಂಬ ನೀರು ಕುಡಿದೈತ್ರಿ. ಈಗ ಏನು ಬಡದ್ರೂ ಮರೀತೈತಿ. ಸ್ವಲ್ಪ ಆರಲಿ. ಆಮ್ಯಾಲ ಹಿಂಗ ಕೆನ್ನಿಗೆ ಹಚ್ಚಿ ನೋಡ್ರಿ... ತಣ್ಣಗಿರಬೇಕು, ಹಸಿ ಇರಬಾರದು."

'ಅಂದ್ರ ನನ್ನ ಕೈದು ತಪ್ಪಲ್ಲ...!' ಅವಳು ಚೂರನ್ನು ಇಸಿದುಕೊಂಡು ಕೆನ್ನೆಗೆ ಹಚ್ಚಿ ನೋಡಿದಳು.

ಮೂಲೆಯ ಹೊರಸಿನ ಮೇಲಿದ್ದ ಹುಲುಗಪ್ಪ ಎಡಗೈ ಎತ್ತಿದ. ಅಚ್ಚು ತೋರಿಸಿದ, ಮಗಳನ್ನು ತೋರಿಸಿದ, ಕೊನೆಗೆ ಬಂದವನನ್ನು ತೋರಿಸಿದ. ಇಬ್ಬರಿಗೂ ಅರ್ಥವಾಯಿತು.

"ಆತು ಕಾಕಾ," ಅಂದ ಗಾದಿಲಿಂಗಪ್ಪ. "ಸಂತಿ ದಿನ ತೊಗಲು ಕೊಳ್ಳಾಕ ಬಂದೇ ಬರ್ತೀನಿ. ಕಲಿಸ್ತೀನಿ."

* * *

ಪ್ರತಿ ಸಂತೆಗೂ ಅವನು ಬಂದ. ಉಳಿದ ಆರು ದಿನ ಅವಳು ಅಪ್ಪನ ಹೊರಸಿನ ಮುಂದೆ ಕೂತು ಬಡಿದಳು. ಅಚ್ಚಿನ ತಲೆಗೆ ಹೊಡೆಯುವ ಮರದ ಕೊಡತಿಯನ್ನು ಎತ್ತುವ ರೀತಿಯನ್ನು ಅಪ್ಪ ತನ್ನ ಎಡಗೈಯಲ್ಲೇ ತೋರಿಸುತ್ತಿದ್ದ. ಅದನ್ನೇ ನೋಡಿ ನೋಡಿ ಇವಳೂ ಎಡಗೈಯವಳಾದಳು.

"ಅಯ್ಯ, ಉಲ್ಟಾ ಹಿಡದೀರಲ್ರಿ!"

"ನಮ್ಮಪ್ಪ ಹಿಂಗ ತೋರ್ಸ್ಯಾನ. ನಿಮಗೇನು ತ್ರಾಸು?"

"ನನಗೇನಿಲ್ಲ ಬಿಡ್ರಿ. ಎಲಿಗೆ ತ್ರಾಸು."

ಅವನು ತಮಾಷೆಗೆ ಅಂದರೂ ಬೆರಳಿಂದ ಸವರಿ ತೋರಿಸಿದ. ಬಲಗೈಯವರು ಹೊಡೆದರೆ ಎಲೆಯ ಬಲ ಅಂಚು ತುಸು ಆಳ. ಇವಳ ಎಲೆಗೆ ಎಡ ಅಂಚು ಆಳ. ಕಣ್ಣಿಗೆ ಕಾಣದು, ಬೆರಳಿಗೆ ಮಾತ್ರ ತಿಳಿಯುತ್ತದೆ.

ಪಕ್ಕದ ಮನೆ ದುರುಗವ್ವ ಬಿಡುತ್ತಾಳೆಯೇ? "ಏನ್ಲೇ ಹುಡುಗಿ, ಸಂತಿ ದಿನ ಮಾತ್ರ ಕೂದಲಿಗೆ ಎಣ್ಣಿ? ನಮ್ಮ ಮಂದ್ಯಾಗ ಉಡಿಕಿ ಇಲ್ಲೇನು! ಗಂಡ ಸತ್ತವಳಿಗೆ ಸೀರಿ ಉಡಿಸಿ ಕರಕೊಂಡು ಹೋಗೂದು ಹೊಸಾದೇನಲ್ಲ ತಗೀ."

"ಸುಮ್ಕಿರು ದೊಡ್ಡವ್ವ!" ಅಂದಳು. ಮುಖ ಮಾತ್ರ ಬಿಸಿಯಾಗಿತ್ತು.

ಆರು ತಿಂಗಳಿಗೆ ಮೊದಲ ಕೆಲಸ ಬಂತು. ಕಂಪ್ಲಿಯ ಬೆಲ್ಲದ ಸಾಹುಕಾರರಿಗೆ ಜೀನಿನ ಎರಡೂ ಪಕ್ಕೆಗೆ, ಅಂದರೆ ಸವಾರನ ಕಾಲ ಕೆಳಗೆ ಇಳಿಬೀಳುವ ತೊಗಲಿಗೆ, ಬಳ್ಳಿ ಚಿತ್ತಾರ ಬೇಕಿತ್ತು. ಹದಿನೈದು ದಿನ ಕೂತು ಮಾಡಿದಳು. ಮುಗಿದಾಗ ಅವನ ಮುಂದೆ ಹರವಿದಳು.

"ಹೆಂಗಾಗ್ಯಾವ್ರಿ?"

ಗಾದಿಲಿಂಗಪ್ಪ ಒಂದು ಎಲೆಯನ್ನು ಎರಡು ಸಲ ಸವರಿ ನೋಡಿದ. "ಮಸ್ತ್ ಆಗ್ಯಾವ್ರಿ. ನಾನ ಮುಟ್ಟಿಸ್ತೀನಿ ಕೊಡ್ರಿ."

ತಿಂಗಳ ಮೇಲೆ ಸಾಹುಕಾರರೇ ಕುದುರೆ ಏರಿ ಬಂದರು. "ಏನ್ ಕೈಯವ್ವಾ ನಿಂದು! ಅಪ್ಪನ್ನ ಮೀರ್ಸಿದಿ. ಇನ್ನೆರಡು ಜೀನು ನೀನ ಮಾಡಬೇಕು."

ಜೀವನದಲ್ಲಿ ಮೊದಲ ಹೊಗಳಿಕೆ! ಉಚ್ಚೆಂಗಮ್ಮ ಓಡಿ ಹೋಗಿ ಜೀನಿನ ಮೇಲಿದ್ದ ತನ್ನ ಬಳ್ಳಿಯನ್ನು ಸವರಿದಳು.

ಬೆರಳು ನಿಂತಿತು.

ಇನ್ನೊಂದು ಎಲೆ... ಮತ್ತೊಂದು... ಕುದುರೆಯ ಆ ಕಡೆಯ ಪಕ್ಕೆ...

ಎಲ್ಲ ಎಲೆಗೂ ಬಲ ಅಂಚು ಆಳ!

"ಇದು ನನ್ನ ಕೈದಲ್ರಿ, ಸಾವಕಾರ್ರ," ಅಂದಳು. ದನಿ ತನ್ನದೇ ಅನ್ನಿಸಲಿಲ್ಲ. "ಸಂಡೂರಿನವರದು. ಕೆಲಸ ಅವರಿಗೇ ಕೊಡ್ರಿ."

ಮುಂದಿನ ಸಂತೆಗೆ ಅವನು ಬಂದಾಗ ಬಾಗಿಲಲ್ಲೇ ತಡೆದಳು.

"ನನ್ನ ಪಕ್ಕಿ ಎಲ್ಲದಾವು?"

ಅವನ ಮುಖ ಬಿಳಿಚಿತು. "ಬಿಸಲಿಗೆ... ಅರ್ಧ ಎಲಿ ಅಳಿಸಿ ಹೋದ್ವು. ಹಸೀದಾಗ ಬಡದಿದ್ರಿ. ಸಾವಕಾರ ವಾಪಸ್ ಮಾಡಿದ್ರ ನೀವು ಅಳ್ತೀರಂತ ನಾನ ಬ್ಯಾರೆ ಮಾಡಿ ಕೊಟ್ಟೆ..."

"ಅಳ್ತಿದ್ದೆ! ಅತ್ತು ಮತ್ತ ಕಲೀತಿದ್ದೆ! ನನಗಿರೂದು ಇದೊಂದ ಕೈ. ಅಪ್ಪ ಹೋದ ಮ್ಯಾಲ ಇದನ್ನ ನಂಬಿ ಬದುಕಬೇಕು ನಾನು. ನೀವು ಅದಕ್ಕೂ ಸುಳ್ಳು ಹೇಳಿದ್ರಿ..."

"ಉಚ್ಚೆಂಗಮ್ಮಾರ, ನನ್ನ ಮಾತು..."

"ಈ ಮೆಟ್ಟಲ ಇನ್ನ ಹತ್ತಬ್ಯಾಡ್ರಿ."

ಅವನು ಹೋದ. ಬಾಗಿಲು ಹಾಕಿದ್ದೂ ಅವಳೇ, ಆ ಬಾಗಿಲಿಗೆ ಒರಗಿ ಅತ್ತದ್ದೂ ಅವಳೇ.

* * *

ಆಮೇಲಿನ ದಿನಗಳು ಒಂದರಂತೆ ಒಂದು. ಬೆಳಗ್ಗೆ ಅಪ್ಪನಿಗೆ ಅಂಬಲಿ ಕುಡಿಸಿ ಕೂತರೆ ಬೆಳಕು ಹೋಗುವ ತನಕ ಟಕ್, ಟಕ್, ಟಕ್. ತೊಗಲನ್ನು ಕೆನ್ನೆಗೆ ಹಚ್ಚಿದಾಗಲೆಲ್ಲ ಆ ತಂಪು ಎದೆಗೇ ಇಳಿಯುತ್ತಿತ್ತು. ಹಾಳಾದ ಚೂರುಗಳ ರಾಶಿ ಮೊಣಕಾಲೆತ್ತರ ಬೆಳೆಯಿತು. ಸಂತೆ ದಿನ ಗಾಡಿ ಸದ್ದು ಕೇಳಿದರೆ ಕೊಡತಿ ತಾನಾಗಿ ನಿಲ್ಲುತ್ತಿತ್ತು. ಗಾಡಿ ಮುಂದೆ ಹೋಗುತ್ತಿತ್ತು. ಮತ್ತೆ ಟಕ್, ಟಕ್...

'ಬರಬ್ಯಾಡ ಅಂದವಳು ನಾನ. ಬರಲಿಲ್ಲಂತ ಯಾಕ ಸಂಕಟ?'

ಒಂದು ದಿನ ಒತ್ತಿದ ಎಲೆ ಮರುದಿನವೂ ಇತ್ತು. ವಾರದ ಮೇಲೂ ಇತ್ತು. ಅವಳು ಹೊಸ ಪಕ್ಕೆ ಎರಡು ಮಾಡಿ, ದುರುಗವ್ವನನ್ನು ಅಪ್ಪನ ಹತ್ತಿರ ಕೂರಿಸಿ, ತಾನೇ ಗಾಡಿ ಹಿಡಿದು ಕಂಪ್ಲಿಗೆ ಹೋದಳು.

"ಇವು ನನ್ನ ಕೈಯವು, ಸಾವಕಾರ್ರ. ಒಪ್ಪಿದ್ರ ಇಟ್ಕೊಳ್ರಿ."

ಅವರು ತಿರುಗಿಸಿ ಮುರುಗಿಸಿ ನೋಡಿ ಇಟ್ಟುಕೊಂಡರು. ದಾರಿಯುದ್ದಕ್ಕೂ ಆ ಖುಷಿಯನ್ನು ಹೇಳಿಕೊಳ್ಳಲು ಅವಳಿಗೆ ಒಂದೇ ಹೆಸರು ನೆನಪಾಯಿತು. ಅವನು ಮಾತ್ರ ಇರಲಿಲ್ಲ.

ಎರಡು ತಿಂಗಳು ಕಳೆದವು. ಒಂದು ಮಧ್ಯಾಹ್ನ ಬಾಗಿಲಿಗೆ ನೆರಳು ಬಿತ್ತು. ಗಾದಿಲಿಂಗಪ್ಪ! ಮೆಟ್ಟಿಲ ಕೆಳಗೇ ನಿಂತಿದ್ದ. ಮೈಯೆಲ್ಲ ಸಂಡೂರಿನ ಕೆಂಧೂಳು.

ಎದೆ ಹೊಡೆದುಕೊಂಡರೂ ಅವಳ ದನಿ ಬಿರುಸಾಗಿಯೇ ಬಂತು. "ಯಾಕ ಬಂದ್ರಿ?"

"ನಿಮ್ಮ ತಪ್ಪು ತಂದೀನ್ರಿ."

ಅವನು ಬಗಲಲ್ಲಿದ್ದ ಪಕ್ಕೆ ಬಿಚ್ಚಿ ಚಾಚಿದ. ಅವಳು ಕಂಪ್ಲಿಗೆ ಕೊಟ್ಟಿದ್ದು! ಬಳ್ಳಿಯ ದಂಟು, ಜೀನಿನ ಪಟ್ಟಿ ಪೋಣಿಸುವ ತೂತಿನ ಹತ್ತಿರ ಸೀಳಿಹೋಗಿತ್ತು.

"ಸಾವಕಾರ ನನ್ನ ಹತ್ರ ತಂದಿದ್ರು, ಹೊಸಾದು ಮಾಡಿಕೊಡು ಅಂತ. ಒಲ್ಲೆ ಅಂದೆ. ಮಾಡಿದವರು ಹೊಸಪ್ಯಾಟ್ಯಾಗ ಅದಾರ, ಅವರೇ ತಿದ್ದತಾರ ಅಂದೆ."

ಉಚ್ಚೆಂಗಮ್ಮ ಎಲೆಯನ್ನು ಸವರಿದಳು. ಎಡ ಅಂಚು ಆಳ. ಒಂದನ್ನೂ ಅವನು ಮುಟ್ಟಿರಲಿಲ್ಲ. ಕಣ್ಣು ಮಂಜಾಯಿತು.

"ಮ್ಯಾಲ ಬರ್ರಿ... ಏನು ತಪ್ಪೈತಿ, ಹೇಳ್ರಿ."

"ಹೇಳಿದ್ರ ಮತ್ತ ಮೆಟ್ಟಲ ಇಳಿಸ್ತೀರೇನು?"

"ಹೇಳಲಿಲ್ಲಂದ್ರ ಇಳಿಸ್ತೀನಿ."

ಅವನು ಹತ್ತಿ ಬಂದು ಪಕ್ಕದಲ್ಲಿ ಕೂತ. "ತೂತಿನ ಹತ್ರ ಬಂದಾಗ ಕೈ ಹಗುರ ಮಾಡಬೇಕಿತ್ತು. ಸಿಟ್ಟಿಲೆ ಒತ್ತೀರಿ."

"ಸಿಟ್ಟು ಯಾರ ಮ್ಯಾಲಂತ ಗೊತ್ತೈತೇನು?"

"ಗೊತ್ತೈತ್ರಿ." ಅವನ ದನಿ ತಗ್ಗಿತು. "ಸಂಡೂರಾಗ ಹತ್ತು ಮಂದಿ ಕುಂತು ಕೊಡತಿ ಬಡೀತಾರ. ಅಷ್ಟು ಸಪ್ಪಳದಾಗ ನಾ ನಿಮ್ಮ ಪೆಟ್ಟು ಹುಡುಕ್ತಿದ್ದೆ. ಇಲ್ಲ ಅಂತ ಗೊತ್ತಿದ್ರೂ... ದಿನಾ ಹುಡುಕ್ತಿದ್ದೆ. ತಪ್ಪು ಮಾಡೀನಿ ಉಚ್ಚೆಂಗಿ. ನಿನಗ ಉಡಿಕಿ ಸೀರಿ ಉಡಿಸ್ತೀನಂದ್ರ... ಒಪ್ತೀಯೇನು?"

ಹೊರಸಿನ ಮೇಲೆ ಹುಲುಗಪ್ಪ ಕಷ್ಟಪಟ್ಟು ಗೋಡೆ ಕಡೆಗೆ ಹೊರಳಿದ, ತನಗೇನೂ ಕೇಳಿಸಲಿಲ್ಲ ಅನ್ನುವ ಹಾಗೆ.

"ಅಪ್ಪನ್ನ ಬಿಟ್ಟು ನಾ ಸಂಡೂರಿಗೆ ಬರಾಕಾಗೂದಿಲ್ರಿ," ಅವಳು ಪಿಸುಗುಟ್ಟಿದಳು.

"ಬಾ ಅಂದೋರು ಯಾರು? ನಾನ ಇಲ್ಲಿಗೆ ಬರ್ತೀನಿ."

ಅವಳು ಕಣ್ಣೊರೆಸಿಕೊಂಡು ಹೊಸ ತೊಗಲು ಎಳೆದು ನೀರು ಸವರಿದಳು.

"ನಾ ಏನು ಮಾಡ್ಲಿ?" ಕೇಳಿದ.

"ಇಲ್ಲೇ ಕುಂದ್ರಿ. ನಾ ಎಲ್ಲಿ ತಪ್ಪತೀನಿ, ಅಲ್ಲೇ ಹೇಳ್ರಿ."

"ಒಂದೂ ಬಿಡದಂಗ?"

"ಒಂದೂ ಬಿಡದಂಗ... ಜೀವ ಇರೂತನಕ."