ತಾಲೀಮು ಎಂದು ಬರೆದಿದ್ದ ಕಿಟಕಿ

"ಏನೂ ಕೇಳಿಸ್ತಿಲ್ವಲ್ಲಮ್ಮಾ!"

ಕೇಳುಮನೆಯ ಮೂರನೆಯ ಕುರ್ಚಿಯಲ್ಲಿದ್ದ ಮುದುಕ ಹೆಡ್‌ಫೋನ್ ಕಿತ್ತು ಎಲ್ವಿರಾ ಪಿರಿಸ್ ಕೈಗಿಟ್ಟ. ಎಲ್ವಿರಾ ವೈರು ಅಲ್ಲಾಡಿಸಿದಳು. ಬೇರೆ ಹಾಡು ಒತ್ತಿದಳು. ಮೌನ. ಇನ್ನೊಂದು — ಅದೂ ಮೌನ. ಎರಡನೆಯ ಕುರ್ಚಿಯ ಹೆಂಗಸೂ ಹೆಡ್‌ಫೋನ್ ತೆಗೆದು ಇವಳತ್ತ ತಿರುಗಿದಳು.

ಜನವರಿಯ ಸೋಮವಾರ, ಬೆಳಿಗ್ಗೆ ಹತ್ತೂಕಾಲು. ಮೊಂತೆವಿದೇವೊ ನಗರದ ಕಾರ್ನಿವಲ್ ಹಬ್ಬದ ಧ್ವನಿ ಭಂಡಾರದಲ್ಲಿ ಅಂದು ಧ್ವನಿಯೇ ಇರಲಿಲ್ಲ. ಹನ್ನೊಂದು ಸಾವಿರ ಹಾಡು, ಮೂವತ್ತು ವರ್ಷದ ಕಾರ್ನಿವಲ್ — ಗುಡಿಸಿ ಹಾಕಿದಂತೆ ಖಾಲಿ.

ಗುಡಿಸಿದ್ದು ಯಾರು? ದಾಖಲೆಯಲ್ಲಿ ಒಂದೇ ಹೆಸರಿತ್ತು. ಎಲ್ವಿರಾ ಪಿರಿಸ್. ಸಮಯ, ಹತ್ತು ಗಂಟೆ ಎರಡು ನಿಮಿಷ.

ಭಂಡಾರದಲ್ಲಿ ಎರಡು ಕಂಪ್ಯೂಟರ್ ಯಂತ್ರಗಳಿದ್ದವು. ನಿಜವಾದ ಹಾಡುಗಳಿದ್ದದ್ದು 'ರಂಗ'. ಹೊಸ ಪ್ರಯೋಗಗಳಿಗೆಂದು ಇಟ್ಟದ್ದು 'ತಾಲೀಮು'. ಅಲ್ಲಿದ್ದದ್ದು ಬರೀ ಕಸ. ಪ್ರತಿ ಸೋಮವಾರ ತಾಲೀಮನ್ನು ಗುಡಿಸಿ ಹೊಸದಾಗಿ ಕಸ ತುಂಬುವುದು ಎಲ್ವಿರಾಳ ಕೆಲಸ. ಅವಳ ಆಜ್ಞೆ ಗುಡಿಸಿ ಸುಮ್ಮನಾಗುವಂಥದ್ದಲ್ಲ, ಅಳಿಸಿದ್ದು ಮತ್ತೆ ಸಿಗದಂತೆ ಮೇಲೆ ಸಾರಿಸಿಯೂ ಬಿಡುತ್ತಿತ್ತು. ಇನ್ನು ಮೀಸಲು ಪ್ರತಿಯೋ, ಐದು ನಿಮಿಷಕ್ಕೊಮ್ಮೆ ರಂಗವನ್ನು ನೋಡಿ ಹಾಗೇ ನಕಲು ಹೊಡೆಯುವ ಮಹಾನಿಷ್ಠಾವಂತ. ರಂಗ ಖಾಲಿಯಾಯಿತೆಂದು ತಾನೂ ಖಾಲಿಯಾಗಿ ಕೂತಿತು. ಉಳಿದದ್ದು ಸೂಚಿಯೊಂದೇ — ಯಾವ ನಂಬರು ಯಾರ ಹಾಡು ಎಂಬ ಪಟ್ಟಿ. ಸತ್ತವರ ವಿಳಾಸ ಪುಸ್ತಕ.

ಆ ಪಟ್ಟಿಯಲ್ಲಿ 7316ನೆಯ ನಂಬರು ವಿಲ್ಮಾರ್ ಪಿರಿಸ್. ಎಲ್ವಿರಾಳ ಗಂಡ. ಕಳೆದ ಚಳಿಗಾಲದಲ್ಲಿ ಹೋದ. ಅವನ ಕೊನೆಯ ಹಾಡಿಗೆ ಜಗತ್ತಿನಲ್ಲಿದ್ದದ್ದು ಅದೊಂದೇ ಧ್ವನಿಮುದ್ರಣ. ಮನೆಗೊಂದು ಪ್ರತಿ ಒಯ್ಯೆಂದು ತಂಗಿ ಹೇಳಿದಾಗ ಎಲ್ವಿರಾ ನಕ್ಕಿದ್ದಳು. "ಅಲ್ಲಿ ಕಾವಲಿಗೆ ನಾನೇ ಇದೀನಲ್ಲೇ!"

ಗುರುವಾರದ ಹೊತ್ತಿಗೆ ಅವಳ ಕುರ್ಚಿಯ ಮೇಲೆ ಯಾರೋ ಹೊಸ ಪೊರಕೆ ಇಟ್ಟಿದ್ದರು. ಹಿಡಿಗೆ ಕೆಂಪು ರಿಬ್ಬನ್ನು.

"ಮೂವತ್ತು ವರ್ಷಾನ ಒಂದೇ ಬೆರಳಲ್ಲಿ ಗುಡಿಸಿದೀಯ," ಎಂದರು ನಿರ್ದೇಶಕ ಡಾಕ್ಟರ್ ಲೆನ್ಯಾನಿ. "ನಗರಸಭೆಗೆ ಶಿಫಾರಸು ಪತ್ರ ಬೇಕಾದ್ರೆ ಕೊಡ್ತೀನಿ. ವಜಾ ಪತ್ರಕ್ಕಂತೂ ಹನ್ನೆರಡು ಗಂಟೆಗೆ ಸಹಿ."

"ಕಂಪ್ಯೂಟರ್ ಪರದೆಯ ಕಿಟಕಿ ಮೇಲೆ ತಾಲೀಮು ಅಂತಲೇ ಬರ್ದಿತ್ತು ಡಾಕ್ಟರೇ. ನಾನು ಕಣ್ಣಾರೆ ನೋಡ್ದೆ."

"ಕಣ್ಣು!" ಸಹೋದ್ಯೋಗಿ ಫಾಬ್ರಿಸಿಯೊ ಒಲಾಸಾಬಲ್ ನಿಟ್ಟುಸಿರಿಟ್ಟ. ಅವನ ಕರುಣೆಗೆ ಯಾವಾಗಲೂ ಸುಗಂಧದ ವಾಸನೆ. "ವಯಸ್ಸಾದ್ಮೇಲೆ ಕಣ್ಣೂ ಕತೆ ಕಟ್ಟುತ್ತೆ ರಾಣಿ. ಇನ್ನಷ್ಟು ಅನಾಹುತ ಬೇಡ ಅಂತ ಸೋಮವಾರ ನಿನ್ನ ಕಿಟಕಿಗಳನ್ನ ನಾನೇ ಮುಚ್ದೆ. ಮತ್ತೆ ತೆಗೆದಾಗ ಎರಡರ ಮೇಲೂ ಹೆಸರು ಸರಿಯಾಗೇ ಇತ್ತಲ್ಲ?"

ಇತ್ತು. ಅದೇ ಅವಳನ್ನು ಸುಡುತ್ತಿದ್ದದ್ದು. ಮೂರು ದಿನದಿಂದ ಅವಳು ತನ್ನ ಕಣ್ಣನ್ನೇ ನಂಬುತ್ತಿರಲಿಲ್ಲ. ಗಂಡನನ್ನು ಎರಡನೆಯ ಸಲ ಮಣ್ಣು ಮಾಡಿದವಳು ತಾನೇ ಎಂದು ಅರ್ಧ ಒಪ್ಪಿಕೊಂಡಿದ್ದಳು.

ಹನ್ನೊಂದಕ್ಕೆ ವಿಮಾ ಕಂಪನಿಯ ಕಡೆಯಿಂದ ತನಿಖೆಗೆ ಬಂದವಳು ಇರ್ಮಾ ಸುರ್ರಾಕೊ. ಅರವತ್ತಮೂರು ವರ್ಷ, ಕಂಕುಳಲ್ಲಿ ಬಿಸಿನೀರಿನ ಫ್ಲಾಸ್ಕು, ಕೈಯಲ್ಲಿ 'ಮಾತೆ' ಎಂಬ ಎಲೆಯ ಕಷಾಯ ತುಂಬಿ ಕೊಳವೆ ಸಿಕ್ಕಿಸಿದ ಸೋರೆಬುರುಡೆ. ಮೂರು ದಶಕ ಇಂಥ ಯಂತ್ರಗಳನ್ನೇ ಸಾಕಿದವಳು. ಬಂದವಳೇ ಕೇಳಿದ್ದು ಎರಡು: ಬಿಸಿನೀರು, ಮತ್ತು ಎರಡೂ ಯಂತ್ರದಲ್ಲಿ ತನಗೊಂದು ಖಾತೆ. ಮೂರನೆಯ ಸಹಾಯಕ ಗಾಸ್ಟನ್ ಬೆರ್ರುತ್ತಿ ಸಕ್ಕರೆ ಸವರಿದ ಬಿಸ್ಕೋಚೊ ಬನ್ನು ಅಗಿಯುತ್ತಲೇ ಎರಡನ್ನೂ ಒದಗಿಸಿದ.

ಇರ್ಮಾ ಅರ್ಧ ಗಂಟೆ ಒಬ್ಬಳೇ ಕೂತಳು. ಆಮೇಲೆ ಎಲ್ವಿರಾಳನ್ನು ಕರೆದಳು.

"ಇಲ್ಲಿ ಆಜ್ಞೆ ಬರೆಯೋ ಟರ್ಮಿನಲ್ ಕಿಟಕಿ ಒಳಗೆ ಬರೀ ಡಾಲರ್ ಗುರುತು. ಯಂತ್ರದ ಹೆಸರೇ ಇಲ್ಲ. ಯಾಕೆ?"

"ಪರದೆ ಮೇಲೆ ಸಂದರ್ಶಕರಿಗೆ ತೋರಿಸುವಾಗ ಗಲೀಜು ಕಾಣುತ್ತೆ ಅಂತ ಡಾಕ್ಟರು ತೆಗೆಸಿದ್ರು. ಹೆಸರನ್ನ ಕಿಟಕಿಯ ತಲೆಬರಹಕ್ಕೆ ಹಾಕ್ದೆ. ಕಿಟಕಿ ತೆರೆದ ಕೂಡ್ಲೆ ಯಂತ್ರ ಓದೋ ಕಡತ ಪ್ರತಿ ಖಾತೇಲೂ ಒಂದಿರುತ್ತೆ, ಅದರಲ್ಲಿ ಒಂದೇ ಸಾಲು. ಹತ್ತು ವರ್ಷದಿಂದ ಎಲ್ರೂ ಅದನ್ನೇ ನೋಡೋದು."

"ಹೊಸಬರಿಗೆ?"

"ಆ ಕಡತದ್ದು ಒಂದು ಅಚ್ಚಿದೆ. ಹೊಸ ಖಾತೆ ತೆರೆದ್ರೆ ಅಚ್ಚಿನ ಪ್ರತಿ ತಾನಾಗೇ ಹೋಗಿ ಕೂರುತ್ತೆ. ಹಳೇ ಖಾತೆಗಳನ್ನ ಅದು ಮುಟ್ಟಲ್ಲ."

"ನಿನ್ನ ಖಾತೆ ಹತ್ತು ವರ್ಷದ್ದು?"

"ಇಲ್ಲ... ರಜೆಯಿಂದ ಹೋದ ಗುರುವಾರ ಬಂದೆ. ಖಾತೆ ಅವಧಿ ಮುಗಿದಿತ್ತಂತೆ, ಫಾಬ್ರಿಸಿಯೊ ಹೊಸದು ಮಾಡಿಕೊಟ್ಟ."

ಇರ್ಮಾ ಬುರುಡೆ ಹೀರಿದಳು. ಕೊಳವೆ ಗೊರಗುಟ್ಟಿತು. "ಎಲ್ಲರನ್ನೂ ಕರಿ."

ಪರದೆಯಲ್ಲಿ ಒಂದೇ ಒಂದು ಕಿಟಕಿ. ತಲೆಯ ಮೇಲೆ ದಪ್ಪಕ್ಷರ: ತಾಲೀಮು. ಒಳಗೆ ಡಾಲರ್ ಗುರುತು, ಅದರ ಮುಂದೆ ಸೂಚಿಯನ್ನು ಅಳಿಸುವ ಆಜ್ಞೆ. ಒಂದು ಗುಂಡಿ ಒತ್ತುವುದಷ್ಟೇ ಬಾಕಿ.

"ಅಳಿಸೋಕೆ ಎಷ್ಟು ಹೊತ್ತು ಹಿಡಿಯುತ್ತೆ ನೋಡ್ಬೇಕು. ಗಾಸ್ಟನ್, ಒತ್ತಪ್ಪ," ಎಂದಳು ಇರ್ಮಾ.

ಗಾಸ್ಟನ್ ಸಕ್ಕರೆ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು ತಲೆಬರಹ ನೋಡಿದ. "ತಾಲೀಮು ತಾನೆ? ಇಗೋ." ಟಕ್! ಏನೂ ಆಗಲಿಲ್ಲ. "ಚೇ, ಇದ್ಯಾಕೆ ಸತ್ತಿದೆ?"

"ನನ್ನ ಬೆರಳಿಗೆ ಒಲಿಯುತ್ತೇನೋ." ಇರ್ಮಾ ಕೈ ಎತ್ತಿದಳು.

"ಒತ್ಬೇಡಿ!" ಫಾಬ್ರಿಸಿಯೊ ಕುರ್ಚಿ ಉರುಳಿಸಿ ಬಂದು ಅವಳ ಮಣಿಕಟ್ಟು ಹಿಡಿದ. "ತಲೆ ಕೆಟ್ಟಿದೆಯಾ? ಉಳಿದಿರೋದು ಅದೊಂದೇ ಸೂಚಿ!"

ಪಾಪ, ಎಷ್ಟು ಕಾಳಜಿ — ಎಂದುಕೊಂಡಳು ಎಲ್ವಿರಾ. ಇಷ್ಟು ಎಚ್ಚರ ಸೋಮವಾರ ನನಗಿದ್ದಿದ್ದರೆ!

ಇರ್ಮಾ ಮಣಿಕಟ್ಟು ಬಿಡಿಸಿಕೊಳ್ಳಲಿಲ್ಲ. "ಹನ್ನೆರಡಕ್ಕೆ ಇನ್ನೂ ಇಪ್ಪತ್ತು ನಿಮಿಷ ಇದೆ ಡಾಕ್ಟರೇ. ಪತ್ರದಲ್ಲಿ ಹೆಸರು ತಪ್ಪಿದೆ. ಕಳ್ಳ ನನ್ನ ಕೈ ಹಿಡ್ಕೊಂಡು ನಿಂತಿದಾನೆ."

"ಏನು ಮಾತು ಅಂತ ಆಡ್ತೀರಿ?" ಫಾಬ್ರಿಸಿಯೊ ನಗಲು ನೋಡಿದ.

"ಈ ಕಿಟಕಿ ಮೇಲೆ ಏನು ಬರ್ದಿದೆ? ಓದು."

"ತಾ... ತಾಲೀಮು."

"ತಾಲೀಮಿನ ಸೂಚಿ ಬರೀ ಕಸ. ಗಾಸ್ಟನ್ ಕಣ್ಣು ಮಿಟುಕಿಸದೆ ಒತ್ದ, ಯಾಕಂದ್ರೆ ಅವನು ತಲೆಬರಹ ನಂಬ್ದ. ನೀನು ನಂಬ್ಲಿಲ್ಲ. ಇದು ಸುಳ್ಳು ಹೇಳ್ತಿದೆ ಅಂತ ಈ ಕೋಣೇಲಿ ಗೊತ್ತಿದ್ದದ್ದು ಇಬ್ರಿಗೆ. ನನಗೆ — ಯಾಕಂದ್ರೆ ನಾನು ಯಂತ್ರಾನೇ ನಿನ್ನ ಹೆಸರೇನು ಅಂತ ಕೇಳ್ದೆ, ಅದು ರಂಗ ಅಂತು. ನಿನಗೆ — ಯಾಕಂದ್ರೆ ಸುಳ್ಳು ಬರೆದೋನೇ ನೀನು."

ಫಾಬ್ರಿಸಿಯೊ ಅವಳ ಮಣಿಕಟ್ಟು ಬಿಟ್ಟ. ಇರ್ಮಾ ಮುಂದುವರಿಸಿದಳು.

"ಅಚ್ಚಿನ ಸಾಲಲ್ಲಿ ನೀನು ಎರಡು ಹೆಸರನ್ನೂ ಅದಲು ಬದಲು ಮಾಡ್ದೆ. ಎರಡು ಯಂತ್ರದಲ್ಲೂ, ಯಾಕಂದ್ರೆ ಅವಳು ಎರಡು ಕಿಟಕಿ ಪಕ್ಕಪಕ್ಕ ತೆಗೀತಾಳೆ. ಅವಳ ಖಾತೆ ಕೊಂದು ಅದೇ ಅಚ್ಚಲ್ಲಿ ಹೊಸದು ಹೊಯ್ದೆ. ಸೋಮವಾರ ಅವಳು ಗುಡಿಸಿದ ಕೂಡ್ಲೆ ಕಿಟಕಿ ಮುಚ್ಚಿ ಅವಳ ಕಡತ ತಿದ್ದಿದೆ. ಅಚ್ಚನ್ನ ಮರೆತೆ. ಇವತ್ತು ನನ್ನ ಖಾತೆ ಅದೇ ಅಚ್ಚಲ್ಲಿ ಹುಟ್ಟಿತು. ಅದನ್ನ ತೆರೆದುಕೊಟ್ಟೋನು ಗಾಸ್ಟನ್, ಅದಕ್ಕೇ ಮೊದಲು ಅವನ ಮೇಲೆ ಅನುಮಾನ ಬಂತು. ಅದಕ್ಕೇ ಈ ಪರೀಕ್ಷೆ." ಅವಳು ಮೇಜಿನ ಕೆಳಗಿಂದ ಕೀಬೋರ್ಡಿನ ವೈರನ್ನು ಎತ್ತಿ ತೋರಿಸಿದಳು. ಅದು ಎಲ್ಲಿಗೂ ಸೇರಿರಲಿಲ್ಲ. "ತಲೆಬರಹ ತಿದ್ದಿ ಇವಳ ಹಣೆಬರಹ ತಿದ್ದೋಕೆ ಹೊರಟೆ."

ಎಲ್ವಿರಾ ಗೋಡೆಗೆ ಒರಗಿದಳು. ತನ್ನ ಕಣ್ಣು ಸುಳ್ಳು ಹೇಳಿರಲಿಲ್ಲ. "ಯಾಕೋ?" ಎಂದಳು.

ಫಾಬ್ರಿಸಿಯೊ ಬಿದ್ದ ಕುರ್ಚಿಯನ್ನು ಎತ್ತಿ, ಧೂಳು ಹೊಡೆದು, ಕಾಲ ಮೇಲೆ ಕಾಲು ಹಾಕಿ ಕೂತ. "ಏಪ್ರಿಲ್‌ನಲ್ಲಿ ನಮ್ಮ ವಿಭಾಗದ ಮುಖ್ಯಸ್ಥರ ಕುರ್ಚಿ ಖಾಲಿಯಾಗುತ್ತೆ. ಅದು ನಿನಗೇ ಅಂತ ಎಲ್ರೂ ಹೇಳ್ತಿದ್ರು ರಾಣಿ. ಅಷ್ಟೇ." ಜೇಬಿನಿಂದ ಅಂಗೈ ಅಗಲದ ಡಿಸ್ಕ್ ತೆಗೆದು ಮೇಜಿನ ಮೇಲಿಟ್ಟ. "ಯಾವ ಹಾಡೂ ಸತ್ತಿಲ್ಲ. ಹನ್ನೊಂದು ಸಾವಿರಾನೂ ಇಲ್ಲಿದೆ. ಕಾರ್ನಿವಲ್ ಶುರುವಿನ ದಿನ ಕೊಟ್ಟು ಹೂಮಾಲೆ ಹಾಕಿಸ್ಕೊಳೋಣ ಅಂತಿದ್ದೆ. ಈಗ್ಲೇ ಮಾತಾಡೋಣ. ನನ್ನ ಕೆಲಸ ಉಳಿಯುತ್ತೆ, ಪೊಲೀಸು ಬರಲ್ಲ. ಇಲ್ಲಾಂದ್ರೆ ಇದರ ಬೀಗದ ಪದ ನನ್ನ ಜೊತೆಗೇ ಸಮಾಧಿ."

ಲೆನ್ಯಾನಿಯವರ ನೈತಿಕತೆ ಮೂರು ಸೆಕೆಂಡು ಹೋರಾಡಿ ಸೋತಿತು. "ಎಲ್ವಿರಾ, ದೊಡ್ಡ ಮನಸ್ಸು ಮಾಡು. ಕೈ ಕುಲುಕಿಬಿಡು. ಸಂಸ್ಥೆಗೋಸ್ಕರ."

ಸಂಸ್ಥೆ ಹಾಳಾಗಿಹೋಗಲಿ. 7316, ಅಷ್ಟೇ. ಎಲ್ವಿರಾ ನಡೆದು ಬಂದು ಕೈ ಚಾಚಿದಳು. ಫಾಬ್ರಿಸಿಯೊ ಅದನ್ನು ಬೇಕೆಂದೇ ಹೆಚ್ಚು ಹೊತ್ತು ಕುಲುಕಿದ.

"ಒಂದು ಸಣ್ಣ ಪ್ರಶ್ನೆ," ಎಂದಳು ಇರ್ಮಾ, ಬುರುಡೆಗೆ ನೀರು ಹೊಯ್ಯುತ್ತ. "ನಕಲು ಮಾಡಿದ್ದು ನಿನ್ನ ಖಾತೆಯಿಂದ್ಲಾ?"

"ನಾನೇನು ದಡ್ಡನಾ? ದಾಖಲೇಲಿ ಹೆಸರು ಬೀಳಬಾರ್ದು ಅಂತ 'ಅತಿಥಿ' ಅಂತ ಹೊಸ ಖಾತೆ ತೆರೆದೆ. ಆಮೇಲೆ ಅಳಿಸ್ದೆ."

"ಯಾವಾಗ?"

"ಶುಕ್ರವಾರ."

"ಅಚ್ಚು ತಿದ್ದಿದ್ದು?"

"ಬುಧ—"

ಅವನ ಕಣ್ಣು ಡಿಸ್ಕಿನತ್ತ ಹೊರಳಿತು.

"ಪಕ್ಕಪಕ್ಕ ಎರಡು ಕಿಟಕಿ," ಇರ್ಮಾ ಮೆಲ್ಲಗೆ ಹೇಳಿದಳು. "ಅವಸರ ಬೇರೆ. ಹತ್ತು ವರ್ಷದ ಅಭ್ಯಾಸ. ಯಾವುದರ ತಲೆ ಮೇಲೆ ರಂಗ ಅಂತಿತ್ತೋ ಅದರಿಂದ ನಕಲು ಮಾಡ್ದೆ. ಅಲ್ವಾ ಮಗನೇ? ಒಂದನ್ನಾದ್ರೂ ಕೇಳಿ ನೋಡಿದ್ಯಾ?"

ಅವನು ಕೇಳಿರಲಿಲ್ಲ. ಬೆವರಿದ ಬೆರಳುಗಳಿಂದ ಬೀಗದ ಪದ ಹೊಡೆದ. ಎಲ್ವಿರಾ ತಾನೇ 7316 ಒತ್ತಿದಳು.

ಸ್ಪೀಕರಿನಲ್ಲಿ ಹೆಂಗಸೊಬ್ಬಳ ಧ್ವನಿ ಕೇಳಿಸಿತು. ಹತ್ತು ವರ್ಷ ಹಳೆಯದು, ನಗುವಿನ ಅಂಚಿನಲ್ಲಿದ್ದದ್ದು. "ಒಂದು, ಎರಡು, ಮೂರು... ಕೇಳಿಸ್ತಿದೆಯಾ?"

ಅದು ಎಲ್ವಿರಾಳದೇ. ತಾಲೀಮು ಯಂತ್ರಕ್ಕೆ ಕಸ ಬೇಕೆಂದು ಅವಳೇ ಮೈಕಿನೆದುರು ಹೇಳಿ, ಒಂದನ್ನೇ ಹನ್ನೊಂದು ಸಾವಿರ ಮಾಡಿ ತುಂಬಿದ್ದ ತುಣುಕು. 7317 ಒತ್ತಿದಳು. ಒಂದು, ಎರಡು, ಮೂರು. 40 ಒತ್ತಿದಳು. ಒಂದು, ಎರಡು, ಮೂರು. ವಿಲ್ಮಾರ್ ಎಲ್ಲಿಯೂ ಇರಲಿಲ್ಲ.

ಲೆನ್ಯಾನಿ ವಜಾ ಪತ್ರ ತೆಗೆದು, ಮೇಲಿನ ಹೆಸರನ್ನಷ್ಟೇ ಹೊಡೆದುಹಾಕಿ ಬೇರೆ ಹೆಸರು ಬರೆದರು. ಒಳಗಿನ ಬೈಗುಳ ಯಾರಿಗಾದರೂ ಒಪ್ಪುವಂತಿತ್ತು. "ಪೊಲೀಸರಿಗೆ ಫೋನ್ ಮಾಡಿ."

"ತಡೀರಿ ಡಾಕ್ಟರೇ," ಎಂದಳು ಎಲ್ವಿರಾ. ಕಣ್ಣು ಒಣಗಿತ್ತು. "ಎಲ್ಲಾದ್ರೂ ಒಂದು ಹಾಡು ತಪ್ಪಿ ಸೇರ್ಕೊಂಡಿರಬಹುದು. ಪೂರ್ತಿ ಕೇಳದೆ ಬಿಟ್ರೆ ವಿಮೆಯೋರು ಒಪ್ಪಲ್ಲ. ಅಲ್ವಾ ಇರ್ಮಾ ಅವ್ರೇ?"

ಇರ್ಮಾ ಅವಳ ಮುಖವನ್ನು ಒಂದು ಕ್ಷಣ ಓದಿದಳು. "ಖಂಡಿತ ಒಪ್ಪಲ್ಲ. ಹನ್ನೊಂದು ಸಾವಿರಾನೂ ಕೇಳ್ಬೇಕು."

"ಪೊಲೀಸರು ಬರೋವರೆಗೂ ಕೇಳು. ಉಳಿದದ್ದನ್ನ ಜೈಲಿಗೇ ಕಳಿಸ್ತೀನಿ," ಎಂದಳು ಎಲ್ವಿರಾ, ಫಾಬ್ರಿಸಿಯೊನತ್ತ ತಿರುಗಿ.

ಎಲ್ವಿರಾ ಫಾಬ್ರಿಸಿಯೊನನ್ನು ಕೇಳುಮನೆಯ ಮೂರನೆಯ ಕುರ್ಚಿಯಲ್ಲಿ ಕೂರಿಸಿದಳು. ಕೆಂಪು ರಿಬ್ಬನ್ನಿನ ಪೊರಕೆಯನ್ನು ಅವನ ತೊಡೆಯ ಮೇಲಿಟ್ಟಳು. ಹೆಡ್‌ಫೋನನ್ನು ತಾಯಿ ಮಗುವಿಗೆ ಕುಲಾವಿ ತೊಡಿಸುವಷ್ಟು ಜೋಪಾನವಾಗಿ ಅವನ ಕಿವಿಗಳ ಮೇಲೆ ಕೂರಿಸಿ, ಧ್ವನಿಯ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದಳು.

ಅವನು ಒಮ್ಮೆ ನಡುಗಿದ. ಅವಳು ಬಾಗಿ ಅವನ ಮುಖವನ್ನೇ ನೋಡುತ್ತ, ಒಳಗಿನ ಧ್ವನಿಯ ಜೊತೆಗೇ ತುಟಿ ಅಲ್ಲಾಡಿಸಿದಳು.

"ಕೇಳಿಸ್ತಿದೆಯಾ?"